ಅಧ್ಯಕ್ಷರ ಬೆನ್ನ ಹಿಂದೆ

ನಮ್ಮ ಪುಳಿಕ್ಕಡವು ವಾಚನಾಲಯದ ಸಭಾಂಗಣದಲ್ಲಿ ಏಳು ಮಂದಿ ಮಾಜಿ ಅಧ್ಯಕ್ಷರು ಗೋಡೆಯ ಮೇಲಿದ್ದಾರೆ. ಎಲ್ಲರೂ ದಿವಂಗತರು. ಬದುಕಿರುವವರನ್ನು ಗೋಡೆಗೆ ಏರಿಸುವ ಪದ್ಧತಿ ನಮ್ಮಲ್ಲಿಲ್ಲ, ಅವರನ್ನು ವೇದಿಕೆಗೆ ಏರಿಸಿದರೆ ಸಾಕಾಗುತ್ತದೆ. ಉಪಾಧ್ಯಕ್ಷರ ಚಿತ್ರ ಹಾಕುವ ಪದ್ಧತಿಯಂತೂ ಸತ್ತ ಮೇಲೂ ಇಲ್ಲ. ಬಹುಕಾಲದಿಂದ ಉಪಾಧ್ಯಕ್ಷನಾಗಿರುವ ನಾನು ಹಾಗಾಗಿ ಈ ವಿಷಯದಲ್ಲಿ ನಿಷ್ಪಕ್ಷಪಾತಿ.

ಈ ಚಿತ್ರಗಳನ್ನು ಯಾರೂ ಮುಟ್ಟುವಂತಿಲ್ಲ. ಒಮ್ಮೆ ಸುಣ್ಣ ಬಳಿಯಲು ಇಳಿಸಿ ಮತ್ತೆ ತೂಗುಹಾಕುವಾಗ ಎರಡನೆಯವರೂ ಐದನೆಯವರೂ ಅದಲುಬದಲಾಗಿಬಿಟ್ಟರು. ಇಬ್ಬರದೂ ಬೇರೆ ಬೇರೆ ಪಕ್ಷ. ಸಮಿತಿ ಒಡೆದು ಎರಡಾಯಿತು. ಆ ವರ್ಷದ ಓಣಂ ಆಟೋಟಗಳು ಎರಡು ಮೈದಾನಗಳಲ್ಲಿ ನಡೆದವು. ಹಗ್ಗಜಗ್ಗಾಟಕ್ಕೆ ಎರಡು ಕಡೆಯೂ ಜನ ಸಾಲದೆ ಹಗ್ಗ ಒಂದೇ ಗೆದ್ದಿತು. ಆಮೇಲೆ ಒಂದು ಠರಾವು ಪಾಸಾಯಿತು: ಮಹಾಸಭೆಯ ಒಪ್ಪಿಗೆಯಿಲ್ಲದೆ ಯಾವ ಅಧ್ಯಕ್ಷರೂ ಮೊಳೆಯಿಂದ ಕೆಳಗಿಳಿಯತಕ್ಕದ್ದಲ್ಲ. ಮಹಾಸಭೆಗೆ ಬೇಕಾದಷ್ಟು ಜನ ಸೇರಿದ್ದನ್ನು ನಾನಂತೂ ಕಂಡಿಲ್ಲ.

ಇಂಥ ಗೋಡೆಯ ಮುಂದೆ ಬಂದು ನಿಂತವಳು ಪಕ್ಕದೂರಿನ ಆರ್ದ್ರಾ. ಕೊಚ್ಚಿಯ ಒಂದು ಕಲಾಶಾಲೆಯಲ್ಲಿ ಚಿತ್ರ ಬರೆಯುವುದನ್ನಲ್ಲ, ಬರೆದ ಚಿತ್ರಗಳನ್ನು ಎಲ್ಲಿ ಹೇಗೆ ತೂಗುಹಾಕಬೇಕೆಂಬುದನ್ನು ಕಲಿಯುತ್ತಿದ್ದಳು. ಕೊನೆಯ ವರ್ಷ. ತಾನೇ ಒಂದು ಪ್ರದರ್ಶನ ಕಟ್ಟಿ ನಿಲ್ಲಿಸಿ ತೋರಿಸಿದರೆ ಡಿಪ್ಲೊಮಾ, ಇಲ್ಲವಾದರೆ ಮುಂದಿನ ವರ್ಷ ಮತ್ತೆ ಇದೇ ಪಾಡು. ಇದನ್ನೆಲ್ಲ ಅವಳು ಸಮಿತಿಯ ಮುಂದೆ ವಿವರಿಸಿ, ತಾನು ಕ್ಯುರೇಟರ್ ಆಗಲಿದ್ದೇನೆ ಎಂದಳು. ನಮ್ಮ ಕಾರ್ಯದರ್ಶಿ ಪೌಲೋಸ್ ಕನ್ನಡಕ ಮೇಲೇರಿಸಿದ.

"ಕ್ಯುರೇಟರ್ ಅಂದ್ರೆ ಕ್ರಿಕೆಟ್ ಪಿಚ್ಚಿಗೆ ನೀರು ಹಾಕೋರಲ್ವಾ ಮೋಳೇ?"

"ಅದೂ ಹೌದು ಚೇಟ್ಟಾ. ನಾನು ಗೋಡೆಗೆ."

"ಗೋಡೆಗೆ ನೀರು ಹಾಕೋಕೆ ಮಳೆಗಾಲ ಇದೆಯಲ್ಲ" ಎಂದ ಪೌಲೋಸ್. ಆದರೂ ಸಭಾಂಗಣ ಕೊಟ್ಟ. ವಾರ್ಷಿಕೋತ್ಸವ ಹತ್ತಿರವಿತ್ತು, ಕಾರ್ಯಕ್ರಮದ ಪಟ್ಟಿಯಲ್ಲಿ ಕೇರಂ ಸ್ಪರ್ಧೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳು ತೋರಿಸಹೊರಟದ್ದು ನಮ್ಮ ವೇಲಾಯುಧನ್ ಮಾಷ್ ಅವರ ಜಲವರ್ಣ ಚಿತ್ರಗಳನ್ನು. ಮಾಷ್ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹರೆಯದಲ್ಲಿ, ಊರ ನಡುವೆ ಹರಿಯುತ್ತಿದ್ದ ತೋಡಿನ ದಂಡೆಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಬರೆಯುತ್ತಿದ್ದರು: ತೋಡಿನ ದೋಣಿ, ತೋಡಿನ ಬಾತುಕೋಳಿ, ತೋಡಿನ ಮೇಲಿನ ಮರದ ಸೇತುವೆ. ಯಾರದಾದರೂ ಮದುವೆಗೆ ಸ್ಟೀಲ್ ಪಾತ್ರೆಯ ಬದಲು ಇಂಥದೊಂದನ್ನು ಉಡುಗೊರೆ ಕೊಡುತ್ತಿದ್ದುದರಿಂದ ಊರಿನವರು ಅವರಿಗೆ ಆಮಂತ್ರಣ ಕೊಡಲು ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದರು. ಅಂಥ ಒಂದು ಉಡುಗೊರೆ ಆರ್ದ್ರಾಳ ಚಿಕ್ಕಮ್ಮನ ಮನೆಯಲ್ಲಿ ಅಕ್ಕಿಡಬ್ಬದ ಹಿಂದೆ ಸಿಕ್ಕಿತ್ತು. ಅಲ್ಲಿಂದ ಜಾಡು ಹಿಡಿದು ಬಂದು, ಮಾಷ್ ಮನೆಯ ಟ್ರಂಕಿನಲ್ಲಿದ್ದ ಉಳಿದವನ್ನೆಲ್ಲ ಕೇಳಿ ತಂದಳು. ಮಾಷ್ ಅದಕ್ಕೇನೂ ಬೆಲೆ ಕೊಡಲಿಲ್ಲ. ಅವೆಲ್ಲ ಕೆಲಸವಿಲ್ಲದಾಗ ಬರೆದದ್ದು ಎಂದರಂತೆ.

ಕೆಲಸವೆಂದು ಅವರು ಎಣಿಸಿದ್ದು ಬೇರೆಯದನ್ನೇ. ಗೋಡೆಯ ಮೇಲಿನ ಏಳು ಅಧ್ಯಕ್ಷರನ್ನು ತೈಲವರ್ಣದಲ್ಲಿ ಬರೆದವರು ಅವರೇ.

ಆರ್ದ್ರಾ ಮೊದಲ ದಿನ ಅಧ್ಯಕ್ಷರನ್ನು ನೋಡಲಿಲ್ಲ, ಅಳೆದಳು. ಟೇಪು ಹಿಡಿದು, ಒಬ್ಬೊಬ್ಬರೂ ಎಷ್ಟು ಜಾಗ ತಿನ್ನುತ್ತಿದ್ದಾರೆಂದು ಲೆಕ್ಕ ಹಾಕಿದಳು. ಅವಳ ಗುರುಗಳಾದ ಮೇನೋನ್ ಸರ್ ಕಲಿಸಿದ್ದೇನೆಂದರೆ, ಗೋಡೆ ಉಸಿರಾಡಬೇಕು. ಗೋಡೆ ಬಿಳಿಯಾಗಿರಬೇಕು, ಚಿತ್ರದ ನಡುಮಧ್ಯ ನೋಡುವವರ ಕಣ್ಣಿನ ಮಟ್ಟಕ್ಕಿರಬೇಕು, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಮೌನ ಇರಬೇಕು. ಗೋಡೆಯ ಉಸಿರಿನ ಬಗ್ಗೆ ಅವರು ಬರೆದ ದಪ್ಪ ಪುಸ್ತಕವೊಂದನ್ನು ನಾನೂ ಓದಿದ್ದೇನೆ. ಓದುವಾಗ ನನಗೆ ಉಸಿರು ಕಟ್ಟಿತು, ಆದರೆ ಅದು ಗೋಡೆಯ ತಪ್ಪಲ್ಲ.

ಅಧ್ಯಕ್ಷರನ್ನು ಇಳಿಸುವಂತಿಲ್ಲ ಎಂಬ ಠರಾವನ್ನು ಪೌಲೋಸ್ ಓದಿ ಹೇಳಿದಾಗ ಅವಳು ಅದನ್ನು ಕೈಗೆ ತೆಗೆದುಕೊಂಡು ತಾನೇ ಇನ್ನೊಮ್ಮೆ ಓದಿದಳು. ಆಮೇಲೆ, ಮುಚ್ಚಬಹುದೇ ಎಂದು ಕೇಳಿದಳು. ಠರಾವಿನಲ್ಲಿ ಮುಚ್ಚುವುದರ ಬಗ್ಗೆ ಏನೂ ಇರಲಿಲ್ಲ. ಮರುದಿನ ಏಳೂ ಮಂದಿ ಬಿಳಿ ಬಟ್ಟೆಯ ಹಿಂದೆ ಮರೆಯಾದರು. ಪ್ರತಿಯೊಂದಕ್ಕೂ ಮೇಲೆ ಒಂದು ದಾರದ ಗಂಟು. ಗೋಡೆ ಉಸಿರಾಡತೊಡಗಿತು. ಎದುರುಗಡೆಯ ಉದ್ದ ಗೋಡೆಯಲ್ಲಿ ಅವಳು ಜಲವರ್ಣಗಳನ್ನು ಒಂದೊಂದಾಗಿ, ಮಧ್ಯೆ ಬೇಕಾದಷ್ಟು ಮೌನ ಬಿಟ್ಟು, ತೂಗುಹಾಕಿದಳು. ಪತ್ರಿಕೆ ಓದಲು ಬಂದವರು ಒಬ್ಬೊಬ್ಬರಾಗಿ ಬಂದು, ಉಳಿದ ಚಿತ್ರಗಳು ಯಾವಾಗ ಬರುತ್ತವೆ ಎಂದು ವಿಚಾರಿಸಿ ಹೋದರು.

ಆಗ ವೇಲಾಯುಧನ್ ಮಾಷ್ ಬಂದರು.

ತಮ್ಮ ಜಲವರ್ಣಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬಾಗಿಲಲ್ಲೇ ನಿಂತು ಬಿಳಿ ಬಟ್ಟೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಕೊಡೆಯನ್ನು ಮಡಚುವುದನ್ನೂ ಮರೆತರು.

"ಏಳೂನಾ?" ಎಂದರು.

"ಏಳೂ ಮಾಷೇ" ಎಂದಳು ಆರ್ದ್ರಾ ಅಳುಕುತ್ತ.

"ಯಾರು ತೆಗೆಯೋದು?"

ನಮ್ಮಲ್ಲಿ ಗೋಡೆಯ ಮೇಲಿನ ಚಿತ್ರಕ್ಕೆ ಬಟ್ಟೆ ಮುಚ್ಚಿದರೆ ಅದಕ್ಕೆ ಒಂದೇ ಅರ್ಥ: ಯಾರೋ ದೊಡ್ಡವರು ಬಂದು ದಾರ ಎಳೆಯುತ್ತಾರೆ, ಚಪ್ಪಾಳೆ ಬೀಳುತ್ತದೆ. ಹುಟ್ಟಿದಾಗಿನಿಂದ ಇಂಥ ಸಭೆಗಳಲ್ಲಿ ಕೂತು ಪರಿಪ್ಪುವಡೆ ತಿಂದು ಬೆಳೆದ ಹುಡುಗಿ ಅವಳು; ಆದರೂ ಕೊಚ್ಚಿಗೆ ಹೋಗಿ ಕಲಿತದ್ದರಿಂದ ಅದು ಅವಳಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಆದರೆ ಯಾರೂ ಕೇಳದೆ ಉಪಾಧ್ಯಕ್ಷರು ಅಭಿಪ್ರಾಯ ಹೇಳುವ ಪದ್ಧತಿಯಿಲ್ಲ.

ಈ ಏಳು ಚಿತ್ರಗಳೂ ಹಿಂದೆ ಒಂದೊಂದಾಗಿ ಅನಾವರಣಗೊಂಡವೇ. ಆ ಸಭೆಗಳಿಗೆಲ್ಲ ಮಾಷ್ ಹೋಗಿದ್ದರು, ಹಿಂದಿನ ಸಾಲಿನಲ್ಲಿ ಕೂತಿದ್ದರು. ವಂದನಾರ್ಪಣೆಯಲ್ಲಿ ದಾರ ಎಳೆದವರಿಗೆ, ಮೈಕ್‌ಸೆಟ್ಟಿನವನಿಗೆ, ಬೆಂಚು ಕೊಟ್ಟ ಶಾಲೆಗೆ, ಚಹಾದಂಗಡಿಗೆ, ಕೊನೆಗೆ ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ ವಂದನೆ ಸಲ್ಲುತ್ತಿತ್ತು. ಚಿತ್ರ ಬರೆದವರು ಪರೋಕ್ಷದಲ್ಲಿ ಬರುತ್ತಿದ್ದರು.

"ನನ್ನ ಚಿತ್ರಗಳ ಪ್ರದರ್ಶನ ಅಂದೆ ನೀನು. ಆ ತೋಡನ್ನ ತೋರಿಸ್ತೀಯೇನೋ ಅಂತ ಹೆದರಿದ್ದೆ. ಈಗ ಸರಿಯಾಯ್ತು" ಎಂದರು ಮಾಷ್. ಇಸ್ತ್ರಿಯವನು ಸಭೆಗೆ ಉಡುವ ಮುಂಡಿಗೆ ಗಂಜಿ ಹಾಕಲು ಎರಡು ದಿನ ತೆಗೆದುಕೊಳ್ಳುತ್ತಾನೆಂದು ಹೇಳಿ ಅವಸರದಲ್ಲಿ ಹೊರಟುಹೋದರು. ಸಂಜೆಯೊಳಗೆ ಊರಿಡೀ ಸುದ್ದಿ. ಪೌಲೋಸ್ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಟ್ಟ: ಏಳು ಮಹನೀಯರ ಭಾವಚಿತ್ರಗಳ ಪುನರ್ ಅನಾವರಣ. ಕೆಳಗೆ ಸಣ್ಣ ಅಕ್ಷರದಲ್ಲಿ, ಚಿತ್ರಪ್ರದರ್ಶನವೂ ಇರುತ್ತದೆ.

ಆರ್ದ್ರಾ ಮೇನೋನ್ ಸರ್‌ಗೆ ಫೋನು ಮಾಡಿದಳು. ಅವರ ಉತ್ತರ ಆಚೆ ನಿಂತಿದ್ದ ನಮಗೂ ಕೇಳಿಸಿತು. ಆ ಭೀಕರ ಭಾವಚಿತ್ರಗಳು ಒಂದಾದರೂ ಕಣ್ಣಿಗೆ ಬಿದ್ದರೆ ಆ ಕೋಣೆಯನ್ನು ಪ್ರದರ್ಶನವೆಂದು ತಾನು ಒಪ್ಪುವುದಿಲ್ಲ, ಅಂಕ ಕೊಡುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಅವಳು, ಧೈರ್ಯಕ್ಕೆಂದು ನನ್ನನ್ನು ಕರೆದುಕೊಂಡು, ಮಾಷ್ ಮನೆಗೆ ನಿಜ ಹೇಳಲು ಹೊರಟಳು.

ಮಾಷ್ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತ ಸನ್ಮಾನಕ್ಕೆ ಉತ್ತರಭಾಷಣ ಬಾಯಿಪಾಠ ಮಾಡುತ್ತಿದ್ದರು. ನಮ್ಮನ್ನು ಕೂರಿಸಿ ಪೂರ್ತಿ ಒಪ್ಪಿಸಿದರು. ಅದರಲ್ಲಿ ಮೂರು ಕಡೆ ಗಂಟಲು ಬಿಗಿಯಬೇಕಿತ್ತು. ಎರಡು ಕಡೆ ಸರಿಯಾಗಿ ಬಿಗಿಯಿತು. ಹಾಲಿಲ್ಲದ ಕಟ್ಟನ್ ಚಾಯ ಬಂತು. ಆರ್ದ್ರಾ ಲೋಟ ತಿರುಗಿಸುತ್ತ, ಅನಾವರಣ ಅಷ್ಟೊಂದು ಮುಖ್ಯವೇ, ಜಲವರ್ಣಗಳೇ ಸಾಲದೇ ಎಂದು ಸುತ್ತು ಹಾಕಿ ಕೇಳಿದಳು.

"ಅನಾವರಣ ಇಲ್ಲಾಂದ್ರೆ ಹೇಳು, ಬೇಜಾರಿಲ್ಲ" ಎಂದರು ಮಾಷ್. "ಆ ತೋಡಿನ ಕಾಗದಗಳನ್ನ ವಾಪಸ್ಸು ತಂದ್ಕೊಡು. ಟ್ರಂಕಲ್ಲಿ ಜಾಗ ಇದೆ."

ಹೇಳಲು ಹೋದ ನಿಜವನ್ನು ಹೇಳದೆಯೇ ಅವಳು ವಾಪಸ್ಸು ಹೊರಟಳು. ಬಟ್ಟೆ ಸರಿದರೆ ಅಂಕವಿಲ್ಲ, ಸರಿಯದಿದ್ದರೆ ಪ್ರದರ್ಶನವೇ ಇಲ್ಲ. ಮೇನೋನ್ ಸರ್ ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯವಿರಬಹುದೇ ಎಂದು ನಾನು ನೆನಪಿಸಿಕೊಳ್ಳಲು ನೋಡಿದೆ. ಬೆಳಕಿನ ಬಗ್ಗೆ ಇತ್ತು, ತೇವಾಂಶದ ಬಗ್ಗೆ ಇತ್ತು. ಮುದುಕರ ಬಗ್ಗೆ ಇರಲಿಲ್ಲ.

ಉದ್ಘಾಟನೆಯ ದಿನ ಏಳು ದಾರಗಳಿಗೆ ಏಳು ಕೈಗಳು ಗೊತ್ತಾಗಿದ್ದವು. ಎರಡೂ ಪಕ್ಷಗಳಿಗೆ ಎರಡೆರಡು, ಚರ್ಚಿಗೊಂದು, ಸಹಕಾರಿ ಬ್ಯಾಂಕಿಗೊಂದು, ಉಳಿದದ್ದು ಸಿನೆಮಾದಲ್ಲಿ ಪೊಲೀಸನಾಗಿ ಎರಡು ಸಲ ಕಾಣಿಸಿಕೊಂಡ ನಮ್ಮೂರ ಒಬ್ಬನಿಗೆ. ಮೇನೋನ್ ಸರ್ ಮೊದಲ ಸಾಲಿನಲ್ಲಿ ಕೈಮಗ್ಗದ ಕಪ್ಪು ಜುಬ್ಬಾದಲ್ಲಿ ಕೂತಿದ್ದರು. ದೀಪ ಹಚ್ಚಿ ಆಯಿತು. ಒಂದೊಂದು ದಾರ ಎಳೆದಾಗಲೂ ಒಂದೊಂದು ಭಾಷಣ. ಅಗಲಿದ ಅಧ್ಯಕ್ಷರ ಬಗ್ಗೆ ಸ್ವಲ್ಪ, ಬರಲಿರುವ ಚುನಾವಣೆಯ ಬಗ್ಗೆ ಉಳಿದದ್ದು. ಆದರೆ ಪ್ರತಿ ಭಾಷಣಕ್ಕೂ ಮೊದಲು ಆರ್ದ್ರಾ ಎದ್ದು ಮೈಕಿನ ಬಳಿ ಹೋಗಿ ಒಂದೇ ಮಾತು ಹೇಳಿದಳು: ಚಿತ್ರ, ವೇಲಾಯುಧನ್ ಮಾಷ್. ಏಳು ಸಲ. ಅದನ್ನು ಹೇಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಏಳನೆಯ ಸಲಕ್ಕೆ ಮಾಷ್ ಅವರ ಗಂಟಲು, ಭಾಷಣದ ಸರದಿ ಬರುವುದರ ಮೊದಲೇ, ಬಿಗಿಯಿತು. ಉತ್ತರಭಾಷಣ ಆಗಲೇ ಇಲ್ಲ.

ಸಭೆ ಮುಗಿದ ಮೇಲೆ ಮೇನೋನ್ ಸರ್ ಅವಳನ್ನು ಬಾಗಿಲ ಬಳಿಗೆ ಕರೆದರು. ತಾನು ಇವತ್ತು ಬಂದಿಲ್ಲವೆಂದು ತಿಳಿಯುವುದಾಗಿ ಹೇಳಿದರು. ಭಾನುವಾರ ಸಮಾರೋಪಕ್ಕೆ ಮತ್ತೆ ಬರುತ್ತಾರೆ. ಅಷ್ಟರೊಳಗೆ ಆ ಗೋಡೆ ಖಾಲಿಯಾಗಿರಬೇಕು.

"ಮುಚ್ಚುತ್ತೀಯೋ, ಇಳಿಸುತ್ತೀಯೋ, ನಿನಗೆ ಬಿಟ್ಟದ್ದು. ಕ್ಯುರೇಟರ್‌ಗೆ ಮೊದಲು ಬೇಕಾದ್ದು ಬೇಡ ಅನ್ನೋ ಧೈರ್ಯ" ಎಂದು, ಪರಿಪ್ಪುವಡೆ ಬೇಡವೆಂದು ಹೇಳಿ, ಕರಿದ ಬಾಳೆಹಣ್ಣಿನ ಎರಡು ಪಳಂಪೊರಿ ಕಾಗದದಲ್ಲಿ ಕಟ್ಟಿಸಿಕೊಂಡು ಕಾರು ಹತ್ತಿದರು.

ಮಾರನೆಯ ದಿನದಿಂದ ಜನವೋ ಜನ. ಕೊಚ್ಚಿಯ ಗ್ಯಾಲರಿಗಳಲ್ಲಿ ಕಾವಲುಗಾರನೊಬ್ಬನೇ ಇರುತ್ತಾನೆಂದು ಕೇಳಿದ್ದೇನೆ. ಇಲ್ಲಿ ಚಪ್ಪಲಿ ಇಡಲು ಜಾಗವಿರಲಿಲ್ಲ. ಯಾರೂ ಜಲವರ್ಣ ನೋಡಲು ಬಂದವರಲ್ಲ. ಮಾಷ್ ಗಂಜಿ ಹಾಕಿದ ಮುಂಡು ಉಟ್ಟು ಅಧ್ಯಕ್ಷರ ಕೆಳಗೆ ಕುರ್ಚಿ ಹಾಕಿ ಕೂತುಬಿಟ್ಟಿದ್ದರು. ಎರಡನೆಯವರಿಗೆ ನಿಜದಲ್ಲಿ ಗದ್ದವೇ ಇರಲಿಲ್ಲ, ಅವರ ಮಗಳ ಮದುವೆ ಹತ್ತಿರವಿದ್ದುದರಿಂದ ತಾವೇ ಒಂದು ಕೊಟ್ಟೆ ಎಂದೂ, ಐದನೆಯವರ ಕೋಟು ಆರನೆಯವರದೆಂದೂ ವಿವರಿಸುತ್ತಿದ್ದರು. ಐದನೆಯವರ ಮನೆಯವರು ಬಂದು ಜಗಳವಾಡಿ, ಫೋಟೋ ತೆಗೆಸಿಕೊಂಡು ಹೋದರು.

ಆರ್ದ್ರಾ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಮಡಚಿದ ಬಿಳಿ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಭಾನುವಾರಕ್ಕೆ ಮೊದಲು ಅವನ್ನು ಮತ್ತೆ ಕಟ್ಟಬೇಕಿತ್ತು, ಕಟ್ಟುವಾಗ ಮಾಷ್‌ಗೆ ಏನು ಹೇಳುವುದೆಂದು ತೋಚದೆ ಇದ್ದಳು. ಹಾಗೆ ಕೂತವಳು ಮಾಡಲು ಬೇರೆ ಕೆಲಸವಿಲ್ಲದೆ ಅಧ್ಯಕ್ಷರನ್ನು ನೋಡತೊಡಗಿದಳು. ಅನಾವರಣಕ್ಕೆಂದು ಮಾಷ್ ಅವನ್ನು ಹತ್ತಿಯಿಂದ ಒರೆಸಿದ್ದರು. ವರ್ಷಗಳ ಧೂಳು ಹೋಗಿತ್ತು. ಗುರುವಾರ ಮಧ್ಯಾಹ್ನ, ಜನ ಊಟಕ್ಕೆ ಹೋಗಿದ್ದಾಗ, ಅವಳು ಎದ್ದು ಮೂರನೆಯವರ ಹತ್ತಿರ ಹೋಗಿ ಅವರ ಕಿವಿಯ ಪಕ್ಕಕ್ಕೆ ಮೂಗು ತಾಗಿಸುವಷ್ಟು ಬಾಗಿದಳು. ಆಮೇಲೆ ನಾಲ್ಕನೆಯವರ ಹತ್ತಿರ. ಆಮೇಲೆ ಎದುರು ಗೋಡೆಗೆ ಓಡಿದಳು.

ಅಧ್ಯಕ್ಷರ ಹಿಂದೆ ತೋಡು ಇತ್ತು.

ಏಳು ಮಂದಿಯ ಹಿಂದೆಯೂ. ಮುಖಗಳು ಪಾಸ್‌ಪೋರ್ಟ್ ಫೋಟೋದಷ್ಟೇ ಜೀವಂತ. ಹೆಗಲಿನ ಆಚೆ ಮಾತ್ರ ನೀರು ಹೊಳೆಯುತ್ತಿತ್ತು. ಒಬ್ಬರ ಕಿವಿಯಾಚೆ ತೆಂಗಿನ ನಾರು ಕೊಳೆಹಾಕಿದ ದಂಡೆ, ಇನ್ನೊಬ್ಬರ ಕಾಲರಿನ ಬಳಿ ದೋಣಿಯ ಮೂತಿ. ನಾಲ್ಕನೆಯವರ ತಲೆಯ ಎರಡೂ ಬದಿಗೆ ಮರದ ಸೇತುವೆಯ ಒಂದೊಂದು ತುದಿ. ಆ ನಾಲ್ಕನೆಯವರು ಪಂಚಾಯತಿಗೂ ಅಧ್ಯಕ್ಷರಾಗಿದ್ದಾಗ ಸೇತುವೆ ಕೀಳಿಸಿ, ತೋಡು ಮುಚ್ಚಿಸಿ, ಬಸ್ ನಿಲ್ದಾಣ ಕಟ್ಟಿಸಿದವರು. ಇವತ್ತು ಆ ತೋಡನ್ನು ಕಾಣಬೇಕಾದರೆ ಅವರ ಬೆನ್ನ ಹಿಂದೆಯೇ ನೋಡಬೇಕು.

ಊಟ ಮುಗಿಸಿ ಬಂದ ಮಾಷ್‌ರನ್ನು ಅವಳು ಕೇಳಿದಳು.

"ಹಿಂದೆ ಏನಾದ್ರೂ ಇರ್ಬೇಕಲ್ಲ ಮೋಳೇ" ಎಂದರು ಅವರು, ಅಷ್ಟೇನೂ ಆಸಕ್ತಿಯಿಲ್ಲದೆ. "ಸತ್ತವರು ಬಂದು ಕೂತು ಕೊಡ್ತಾರಾ? ಫೋಟೋ ನೋಡಿ ಬರ್ದೆ. ತೋಡು ಕೂತು ಕೊಡ್ತಿತ್ತು. ಅದೂ ಹೋದ ಮೇಲೆ ಇದ್ದಷ್ಟು ನೆನಪಿಂದ ಬರ್ದೆ."

ಆಗ ಅವಳು ಬಿಳಿ ಬಟ್ಟೆಗಳನ್ನು ಪೌಲೋಸನ ಕೈಗೆ ಕೊಟ್ಟಳು. ಅವು ಈಗ ವಾಚನಾಲಯದ ಮೇಜು ಒರೆಸುತ್ತಿವೆ.

ಅಧ್ಯಕ್ಷರನ್ನು ಅವಳು ಮುಟ್ಟಲಿಲ್ಲ. ಠರಾವಿಗೆ ಭಂಗ ಬರಲಿಲ್ಲ. ಎದುರು ಗೋಡೆಯ ಜಲವರ್ಣಗಳನ್ನೆಲ್ಲ ಬಿಚ್ಚಿ ತಂದು ಅಧ್ಯಕ್ಷರ ನಡುವೆ ನಡುವೆ ತುರುಕಿದಳು. ಕಣ್ಣಿನ ಮಟ್ಟವನ್ನು ಬಿಟ್ಟುಕೊಟ್ಟು, ಚಿತ್ರಗಳಲ್ಲಿನ ನೀರಿನ ಅಂಚಿಗೆ ದಾರ ಎಳೆದು, ಅದೊಂದೇ ಗೆರೆಗೆ ಎಲ್ಲವನ್ನೂ ಕೂರಿಸಿದಳು. ಕೆಲವು ಚಿತ್ರಗಳು ಮಂಡಿಯ ಹತ್ತಿರ ಬಂದವು, ಕೆಲವು ತಲೆಯ ಮೇಲೆ ಹೋದವು. ನಡುವೆ ಬೆರಳು ತೂರಿಸುವಷ್ಟೂ ಮೌನ ಉಳಿಯಲಿಲ್ಲ. ಆದರೆ ಬಾಗಿಲಲ್ಲಿ ನಿಂತು ನೋಡಿದರೆ, ಗೋಡೆಯ ಆ ತುದಿಯಿಂದ ಈ ತುದಿಗೆ, ಕಾಗದದಿಂದ ಕ್ಯಾನ್ವಾಸಿಗೆ, ಅಧ್ಯಕ್ಷರೊಬ್ಬರ ಕಿವಿಯಿಂದ ಮತ್ತೊಬ್ಬರ ಕಿವಿಗೆ, ನಮ್ಮೂರ ತೋಡು ಹರಿಯುತ್ತಿತ್ತು. ನೋಡಲು ಬಂದ ಮುದುಕಿಯರು ತಾವು ನೀರಿಗಿಳಿಯುತ್ತಿದ್ದ ಕಡವುಗಳನ್ನು ಗುರುತಿಸಿ, ಬಟ್ಟೆ ಒಗೆಯುವ ಕಲ್ಲು ಯಾರದೆಂಬ ಹಳೆಯ ಜಗಳವನ್ನು ಬಿಟ್ಟಲ್ಲಿಂದ ಎತ್ತಿಕೊಂಡರು.

ಭಾನುವಾರ ಮೇನೋನ್ ಸರ್ ಬಂದರು. ಬಾಗಿಲಲ್ಲೇ ನಿಂತರು. ಅವರ ಮುಖ ನೋಡಿ ಪೌಲೋಸ್ ಚಹಾ ತರಲು ಹೋದವನು ಬರಲೇ ಇಲ್ಲ.

"ಇದನ್ನ ನಾನು ಕಲಿಸಿದ್ದಲ್ಲ" ಎಂದರು.

"ಅಲ್ಲ ಸರ್."

"ಗೋಡೆಗೆ ಉಸಿರು ಕಟ್ಟಿದೆ."

"ಹೌದು ಸರ್."

ಅವರು ಗೋಡೆಯುದ್ದಕ್ಕೂ ನಡೆದರು. ಉದ್ಘಾಟನೆಯ ದಿನ ಗಡಿಯಾರ ನೋಡುತ್ತಿದ್ದವರು ಇವತ್ತು ಎರಡು ಸಲ ಹಿಂದಕ್ಕೆ ಹೋಗಿ ಬಂದರು. ನಾಲ್ಕನೆಯವರ ಮುಂದೆ ನಿಂತು, ಅತ್ತ ಬಾಗಿ ಇತ್ತ ಬಾಗಿ, ಬಸ್ಸಿನಲ್ಲಿ ಮುಂದಿನವನ ತಲೆ ಅಡ್ಡ ಬಂದವರ ಹಾಗೆ ಕತ್ತು ನೀಡಿದರು. ಕೊನೆಗೆ, ಈ ಮನುಷ್ಯನನ್ನು ತೆಗೆಯಬೇಕು, ಸೇತುವೆಗೆ ಅಡ್ಡ ಬರುತ್ತಿದ್ದಾನೆ ಎಂದರು. ತೆಗೆದರೆ ಪಾಸು. ತೆಗೆಯುವಂತಿಲ್ಲ, ಮಹಾಸಭೆ ಬೇಕು ಎಂದಳು ಆರ್ದ್ರಾ. ಹಾಗಾದರೆ ಮುಂದಿನ ವರ್ಷ ನೋಡೋಣ ಎಂದು ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

ಮಾಷ್ ಕುರ್ಚಿಯಿಂದ ಎದ್ದದ್ದು ಆಗ. ಇಷ್ಟು ದಿನ ಅವಳ ಡಿಪ್ಲೊಮಾದ ವಿಷಯ ಅವರ ಕಿವಿಗೆ ಬಿದ್ದಿರಲಿಲ್ಲವೋ, ಬಿದ್ದರೂ ಅಧ್ಯಕ್ಷರ ಗದ್ದಲದಲ್ಲಿ ಮುಳುಗಿತ್ತೋ ತಿಳಿಯದು. ಚೀಲದಿಂದ, ಬಿರುಕುಬಿಟ್ಟ ಚೌಕಟ್ಟುಗಳನ್ನು ತಿದ್ದಲೆಂದು ತಂದಿದ್ದ ಬಣ್ಣದ ಟ್ಯೂಬುಗಳನ್ನೂ ಕುಂಚವನ್ನೂ ತೆಗೆದು, ಕುರ್ಚಿಯನ್ನು ನಾಲ್ಕನೆಯವರ ಕೆಳಗೆ ಎಳೆದು, ಅದರ ಮೇಲೆ ಹತ್ತಿದರು. ಕಂದು ಬಣ್ಣ ಕುಂಚದ ತುದಿಯಲ್ಲಿತ್ತು.

ನಾನು ಬಾಗಿಲ ಕಡೆ ಕಣ್ಣು ಹಾಯಿಸಿದೆ. ನಾಲ್ಕನೆಯವರ ಪಕ್ಷ ಆ ವರ್ಷ ಅಧಿಕಾರದಲ್ಲಿತ್ತು.

"ಮಾಷೇ, ಏನ್ಮಾಡ್ತಿದ್ದೀರಿ?" ಎಂದಳು ಆರ್ದ್ರಾ.

"ಸೇತುವೆ ಪೂರ್ತಿ ಮಾಡ್ತೀನಿ. ಇವರನ್ನ ಬರೆಯೋಕೆ ಒಂದು ಬೆಳಿಗ್ಗೆ ಸಾಕಾಯ್ತು. ಸೇತುವೇನ ನೆನಪಿಗೆ ತಂದ್ಕೊಳ್ಳೋಕೆ ಒಂದು ತಿಂಗಳು ಹಿಡಿದಿತ್ತು. ಇವರು ಹೋದ್ರೆ ನಷ್ಟ ಏನು?"

ಅವಳು ಅವರ ಮಣಿಕಟ್ಟು ಹಿಡಿದಳು. "ಇಳೀರಿ ಮಾಷೇ. ಅವರು ಅಲ್ಲೇ ಇರ್ಲಿ. ಸೇತುವೆಗೆ ಅಡ್ಡ ನಿಂತವರು ಯಾರು ಅಂತ ಜನ ನೋಡ್ಲಿ."

"ಪಾಸಾಗಲ್ವಂತೆ ನೀನು."

"ಆಗದಿದ್ರೆ ಬೇಡ. ಇಳೀರಿ."

ಕುಂಚದಿಂದ ಒಂದು ಹನಿ ಕಂದು ಬಣ್ಣ ಗಂಜಿ ಹಾಕಿದ ಮುಂಡಿನ ಮೇಲೆ ಬಿತ್ತು. ಮಾಷ್ ಗೊಣಗುತ್ತ, ಅವಳ ಹೆಗಲಿಗೆ ಕೈಕೊಟ್ಟು ಇಳಿದರು. ಮೇನೋನ್ ಸರ್ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಬೇಡ ಅನ್ನುವ ಧೈರ್ಯದ ಬಗ್ಗೆ ಅವರಿಗೇನಾದರೂ ನೆನಪಾಯಿತೋ ಏನೋ, ನಾನು ಊಹಿಸಲಾರೆ. ವಿದ್ವಾಂಸರ ಮುಖದಲ್ಲಿ ನೆನಪೂ ಅಜೀರ್ಣವೂ ಒಂದೇ ತರಹ ಕಾಣಿಸುತ್ತವೆ. ಮತ್ತೆ ಪೆನ್ನು ತೆಗೆದು, ಅಂಕಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಏನೋ ಬರೆದು, ಅವಳ ಕೈಗೆ ಕೊಟ್ಟು, ಈ ಸಲ ಏನನ್ನೂ ಕಟ್ಟಿಸಿಕೊಳ್ಳದೆ ಹೊರಟರು. ಗೋಡೆಯ ಬಳಕೆಗೆ ಸೊನ್ನೆ ಕೊಟ್ಟಿದ್ದರು. ಉಳಿದದ್ದರಲ್ಲಿ ಪಾಸಾಗಲು ಎಷ್ಟು ಬೇಕೋ ಅಷ್ಟನ್ನೇ, ಔಷಧದ ಹಾಗೆ ಅಳೆದು ಕೊಟ್ಟಿದ್ದರು.

"ಏನಂತೆ?" ಎಂದು ಕೇಳಿದರು ಮಾಷ್.

"ಪಾಸಂತೆ ಮಾಷೇ."

ಮಾಷ್ ಮುಂಡಿನ ಮೇಲಿನ ಕಲೆಯನ್ನು ಉಗುರಿನಿಂದ ಕೆರೆಯುತ್ತ ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿದರು.

"ಹಾಗಾದ್ರೆ ಆ ಮೂರನೆಯವರ ಮೇಲಿನ ಬಲ್ಬನ್ನ ಸ್ವಲ್ಪ ಬಲಕ್ಕೆ ತಿರುಗಿಸು" ಎಂದರು. "ಬೆಳಕು ಅವರ ಮುಖದ ಮೇಲೆ ಬೀಳ್ತಿದೆ. ನೀರು ಕಾಣ್ತಾ ಇಲ್ಲ."